‘ಸಾಂಗ್’ ಎಂಬ ಪದದ ಅರ್ಥ ಮತ್ತು ಮೂಲವನ್ನು ಹುಡುಕುವ ಕ್ರಮ

ಶಿವಮೊಗ್ಗದ ಆಟೋದಲ್ಲಿ ಕುಳಿತ ಹುಡುಗರು ‘ಒಂದು ಸಾಂಗ್ ಹಾಕಿ’ ಎನ್ನುತ್ತಾರೆ. ಅದೇ ಹುಡುಗರು ತೀರ್ಥಹಳ್ಳಿ ಕಡೆಯ ಮದುವೆಮನೆಗೆ ಹೋದಾಗ, ಹಸೆಯ ಮುಂದೆ ಕುಳಿತ ಹಿರಿಯರನ್ನು ‘ಅಮ್ಮಾ, ಒಂದು ಹಾಡು ಹೇಳಿ’ ಎಂದು ಕೇಳುತ್ತಾರೆಯೇ ಹೊರತು, ಅಲ್ಲಿ ‘ಸಾಂಗ್’ ಎಂಬ ಮಾತು ಅವರ ಬಾಯಿಗೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಹಾಡಿದ್ದೆಲ್ಲಕ್ಕೂ ಸಲ್ಲುವ ಈ ಪದವು ನಮ್ಮ ಮಾತಿಗೆ ಬಂದ ಮೇಲೆ ಸಿನಿಮಾ ಹಾಡಿಗೆ, ಮೊಬೈಲಿನ ಹಾಡಿಗೆ, ಒಟ್ಟಿನಲ್ಲಿ ‘ಹಾಕುವ’ ಹಾಡಿಗೆ ಸೀಮಿತವಾಗಿದೆ. ಇದನ್ನು ಗಮನಿಸಿದ ವಿದ್ಯಾರ್ಥಿಗಳು ಈ ಪದ ಎಲ್ಲಿಂದ ಬಂತು, ‘ಸಂಗೀತ’ಕ್ಕೂ ಇದಕ್ಕೂ ನಂಟಿದೆಯೇ ಎಂದು ಕೇಳುವುದುಂಟು. ಅಂಥ ಪ್ರಶ್ನೆಗೆ ಊಹೆಯಿಂದ ಉತ್ತರಿಸದೆ, ಹಂತಹಂತವಾಗಿ ಹುಡುಕಿ ಉತ್ತರ ಕಂಡುಕೊಳ್ಳುವ ಕ್ರಮವನ್ನು ‘ಸಾಂಗ್’ ಪದವನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಪ್ರೌಢಶಾಲೆಯ ಅಧ್ಯಾಪಕರು ಮತ್ತು ಭಾಷೆಯಲ್ಲಿ ಆಸಕ್ತಿಯುಳ್ಳ ಯಾರೇ ಆದರೂ ಈ ಕ್ರಮವನ್ನು ಅನುಸರಿಸಬಹುದು.

ಮೊದಲು ಬಳಕೆಗಳನ್ನು ಕೂಡಿಸುವುದು

ನಿಘಂಟನ್ನು ತೆರೆಯುವ ಮೊದಲು ಪದವು ಎಲ್ಲೆಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಅರ್ಥವನ್ನು ಮೊದಲೇ ಗಟ್ಟಿಮಾಡಿಕೊಂಡು ಹೊರಟವರಿಗೆ ಆ ಅರ್ಥವೇ ಎಲ್ಲ ಕಡೆಯೂ ಕಾಣಿಸುವುದರಿಂದ, ಈ ಹಂತವನ್ನು ಬಿಟ್ಟು ಮುಂದೆ ಹೋಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಗ್ಲಿಷಿನಲ್ಲಿ ‘ಸಾಂಗ್’ ಎಂದರೆ ಮೊದಲನೆಯದಾಗಿ ಮನುಷ್ಯರು ಮಾತನ್ನು ರಾಗಕ್ಕೆ ಕೂಡಿಸಿ ಹಾಡುವ ಕೃತಿ. ಎರಡನೆಯದಾಗಿ ಹಕ್ಕಿಯ ಹಾಡು. ಪಕ್ಷಿಶಾಸ್ತ್ರದಲ್ಲಿ ‘ಸಾಂಗ್’ ಮತ್ತು ‘ಕಾಲ್’ ಎರಡೂ ಬೇರೆ ಬೇರೆ ಪಾರಿಭಾಷಿಕ ಪದಗಳು. ಅಪಾಯದ ಸೂಚನೆ ಕೊಡಲು ಅಥವಾ ಜೊತೆಗಾರರೊಡನೆ ಸಂಪರ್ಕ ಇಟ್ಟುಕೊಳ್ಳಲು ಹಕ್ಕಿ ಮಾಡುವ ಚಿಕ್ಕ ಕೂಗು ‘ಕಾಲ್’. ತನ್ನ ಎಲ್ಲೆಯನ್ನು ಸಾರಲು ಮತ್ತು ಸಂಗಾತಿಯನ್ನು ಸೆಳೆಯಲು ಮಾಡುವ ದೀರ್ಘವಾದ, ಏರಿಳಿತವುಳ್ಳ ಸ್ವರಸರಣಿ ‘ಸಾಂಗ್’. ಮರಿ ಮಾಡುವ ಕಾಲದಲ್ಲಿ ನಮ್ಮ ಮನೆಗಳ ಸುತ್ತ ನಸುಕಿನಲ್ಲಿ ಹಾಡುವ ಮಡಿವಾಳ ಹಕ್ಕಿಯು, ಬೆಕ್ಕನ್ನು ಕಂಡಾಗ ಮಾಡುವ ಕರ್ಕಶ ಸದ್ದನ್ನೂ ಕೇಳಿದವರಿಗೆ ಈ ಭೇದ ಸುಲಭವಾಗಿ ತಿಳಿಯುತ್ತದೆ. 1971ರಲ್ಲಿ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಎಂಬ ವಿಜ್ಞಾನಿಗಳು ಹಂಪ್‌ಬ್ಯಾಕ್ ತಿಮಿಂಗಿಲಗಳ ಧ್ವನಿಯಲ್ಲಿ ಪುನರಾವರ್ತನೆಯಾಗುವ ವಿನ್ಯಾಸವನ್ನು ತೋರಿಸಿ, ಅದಕ್ಕೂ ‘ಸಾಂಗ್’ ಎಂಬ ಹೆಸರನ್ನೇ ಬಳಸಿದರು. ಹೀಗೆ ಮಾತಿಲ್ಲದ ಧ್ವನಿಗೂ ಈ ಪದ ಸಲ್ಲುತ್ತದೆ.

ಮೂರನೆಯದಾಗಿ ನುಡಿಗಟ್ಟುಗಳನ್ನು ಬರೆದುಕೊಳ್ಳಬೇಕು. ಒಂದು ವಸ್ತು ‘ಫಾರ್ ಎ ಸಾಂಗ್’ ಮಾರಾಟವಾಯಿತು ಎಂದರೆ ತೀರಾ ಅಗ್ಗಕ್ಕೆ ಹೋಯಿತು ಎಂದರ್ಥ. ಶೇಕ್ಸ್‌ಪಿಯರನ ನಾಟಕದಲ್ಲಿಯೇ ಈ ಪ್ರಯೋಗ ಸಿಗುತ್ತದೆ. ‘ಸ್ವಾನ್ ಸಾಂಗ್’ ಎಂದರೆ ಕಲಾವಿದರೊಬ್ಬರ ಕೊನೆಯ ಕೃತಿ. ಹಂಸವು ಸಾಯುವ ಮುನ್ನ ಹಾಡುತ್ತದೆ ಎಂಬ ನಂಬಿಕೆ ಗ್ರೀಕರಲ್ಲಿ ಇತ್ತು, ಪ್ಲೇಟೋವಿನ ಬರಹದಲ್ಲಿ ಅದರ ಪ್ರಸ್ತಾಪವಿದೆ. ಆದರೆ ಇಂಗ್ಲಿಷಿನ ಈ ಜೋಡುಪದವು ಜರ್ಮನ್ ಪದವನ್ನು ಅನುಸರಿಸಿ 19ನೆಯ ಶತಮಾನದಲ್ಲಿ ಬಂದದ್ದು. ಬೈಬಲ್ಲಿನ ‘ಸಾಂಗ್ ಆಫ್ ಸಾಂಗ್ಸ್’ ಎಂಬುದು ಹೀಬ್ರೂ ಭಾಷೆಯ ಜಾಡು. ‘ರಾಜರ ರಾಜ’ ಎನ್ನುವಂತೆ ಶ್ರೇಷ್ಠತೆಯನ್ನು ಹೇಳುವ ರೀತಿ ಅದು. ಅದನ್ನು ಕನ್ನಡಕ್ಕೆ ತಂದವರು ‘ಹಾಡುಗಳ ಹಾಡು’ ಎನ್ನದೆ ‘ಪರಮಗೀತ’ ಎಂದರು. ಅರ್ಥದ ತಿರುಳನ್ನು ಹಿಡಿದ ಈ ಅನುವಾದ ಬಹಳ ಮೆಚ್ಚತಕ್ಕದ್ದು.

ನಿಘಂಟಿನ ನಮೂದನ್ನು ಓದುವುದು

ಇಂಗ್ಲಿಷ್ ಪದಗಳ ಇತಿಹಾಸಕ್ಕೆ ದೊಡ್ಡ ಆಧಾರವೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಅದರ ಮೊದಲ ಕಂತು 1884ರಲ್ಲಿ ಹೊರಬಂದು, ಮೊದಲ ಆವೃತ್ತಿ 1928ರಲ್ಲಿ ಪೂರ್ಣಗೊಂಡಿತು. ಪ್ರತಿಯೊಂದು ಅರ್ಥಕ್ಕೂ ಕಾಲಾನುಕ್ರಮದಲ್ಲಿ ಉದಾಹರಣೆಗಳನ್ನು ಕೊಡುವುದು ಅದರ ಪದ್ಧತಿ. ವಿಶ್ವವಿದ್ಯಾಲಯದ ಗ್ರಂಥಾಲಯಗಳ ಪರಾಮರ್ಶನ ವಿಭಾಗದಲ್ಲಿ ಇಂಥ ನಿಘಂಟನ್ನು ಕೇಳಿ ನೋಡಬೇಕು. ನಮ್ಮ ಜಿಲ್ಲೆಯವರಿಗೆ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಹತ್ತಿರ. ದೂರದ ಊರಿನವರು ಡಗ್ಲಸ್ ಹಾರ್ಪರ್ ಅವರು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿರುವ ಪದಮೂಲ ನಿಘಂಟಿನಿಂದ ಆರಂಭಿಸಬಹುದು.

ನಮೂದಿನಲ್ಲಿ ಚಿಕ್ಕ ಚಿಕ್ಕ ಸಂಕೇತಗಳಿರುತ್ತವೆ. ‘ಓ.ಇ.’ ಎಂದರೆ ಸುಮಾರು 1150ಕ್ಕಿಂತ ಹಿಂದಿನ ಹಳೆಯ ಇಂಗ್ಲಿಷ್; ‘ಎಂ.ಇ.’ ಎಂದರೆ ಅಲ್ಲಿಂದ ಸುಮಾರು 1500ರ ವರೆಗಿನ ನಡು ಇಂಗ್ಲಿಷ್. ಪದದ ಆರಂಭದಲ್ಲಿ ನಕ್ಷತ್ರದ ಗುರುತಿದ್ದರೆ, ಆ ರೂಪವು ಯಾವ ಬರಹದಲ್ಲಿಯೂ ಸಿಕ್ಕಿಲ್ಲವೆಂದೂ, ಸೋದರ ಭಾಷೆಗಳ ರೂಪಗಳನ್ನು ಹೋಲಿಸಿ ವಿದ್ವಾಂಸರು ಅದನ್ನು ಪುನಾರಚಿಸಿದ್ದಾರೆಂದೂ ತಿಳಿಯಬೇಕು. ಈ ಗುರುತನ್ನು ಟಿಪ್ಪಣಿಗೆ ಇಳಿಸಿಕೊಳ್ಳುವಾಗ ಬಿಟ್ಟುಬಿಟ್ಟರೆ, ಊಹಿಸಿದ ರೂಪವು ದಾಖಲಾದ ರೂಪವೆಂದು ಮುಂದಿನವರು ಭ್ರಮಿಸುತ್ತಾರೆ.

‘ಸಾಂಗ್’ ನಮೂದನ್ನು ಹೀಗೆ ಓದುತ್ತಾ ಹೋದರೆ ದೊರೆಯುವ ಚಿತ್ರ ಇದು. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಸಂಗ್’. ಕೆಲವು ಪ್ರದೇಶಗಳಲ್ಲಿ ‘ಸೊಂಗ್’. ‘ಬೇವುಲ್ಫ್’ ಕಾವ್ಯದಲ್ಲಿ ಅರಸನ ಸಭಾಭವನದ ಕವಿ ಹಾಡಿದ್ದನ್ನು ಇದೇ ಪದದಿಂದ ಕರೆಯಲಾಗಿದೆ. ಜರ್ಮನ್ನಿನ ‘ಗೆಜಾಂಗ್’, ಡಚ್ಚಿನ ‘ಜಾಂಗ್’, ಸ್ವೀಡಿಷ್‌ನ ‘ಸೊಂಗ್’ ಇದರ ಸೋದರ ಪದಗಳು. ಇವೆಲ್ಲದರ ಹಿಂದೆ ಈ ಭಾಷೆಗಳ ಸಮಾನ ಪೂರ್ವಜವಾದ ಮೂಲ ಜರ್ಮಾನಿಕ್ ಭಾಷೆಯ ‘ಸಂಗ್ವಜ್’ ಎಂಬ ರೂಪವನ್ನೂ, ಅದಕ್ಕೂ ಹಿಂದೆ ಹಾಡುವುದು, ಮಂತ್ರದಂತೆ ಉಚ್ಚರಿಸುವುದು ಎಂಬ ಅರ್ಥದ, ಸಂಸ್ಕೃತ, ಗ್ರೀಕ್, ಇಂಗ್ಲಿಷ್‌ಗಳಿಗೆಲ್ಲ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯ ಧಾತುವೊಂದನ್ನೂ ನಕ್ಷತ್ರ ಹಾಕಿ ಕೊಟ್ಟಿರುತ್ತಾರೆ. ದೈವವಾಣಿ ಎಂಬ ಅರ್ಥವಿದ್ದ ಗ್ರೀಕಿನ ‘ಓಂಫೆ’ ಎಂಬ ಪದವನ್ನು ಅದೇ ಧಾತುವಿನ ಇನ್ನೊಂದು ಕುಡಿಯೆಂದು ತೋರಿಸುವುದು ರೂಢಿ.

ಇಲ್ಲಿ ವ್ಯಾಕರಣದ ಒಂದು ಸಂಗತಿಯನ್ನು ಗಮನಿಸಬೇಕು. ‘ಸಿಂಗ್’, ‘ಸ್ಯಾಂಗ್’, ‘ಸಂಗ್’, ‘ಸಾಂಗ್’ ಈ ನಾಲ್ಕರಲ್ಲಿಯೂ ವ್ಯಂಜನಗಳು ಹಾಗೆಯೇ ಉಳಿದು ನಡುವಿನ ಸ್ವರ ಮಾತ್ರ ಬದಲಾಗಿದೆ. ಸ್ವರವನ್ನು ಬದಲಿಸಿ ಕಾಲವನ್ನೂ ನಾಮಪದವನ್ನೂ ಸಾಧಿಸುವ ಈ ಬಗೆ ಜರ್ಮಾನಿಕ್ ಭಾಷೆಗಳ ಹಳೆಯ ಸೊತ್ತು. ಕನ್ನಡದಲ್ಲಿ ‘ಕೆಡು’ ಎಂಬುದರಿಂದ ‘ಕೇಡು’, ‘ಬಿಡು’ ಎಂಬುದರಿಂದ ‘ಬೀಡು’ ಆಗುವುದನ್ನು ಕಂಡಿರುವ ವಿದ್ಯಾರ್ಥಿಗೆ ಇದನ್ನು ವಿವರಿಸುವುದು ಕಷ್ಟವಲ್ಲ; ಎರಡಕ್ಕೂ ಚಾರಿತ್ರಿಕ ಸಂಬಂಧವಿಲ್ಲವೆಂದು ಮಾತ್ರ ಸ್ಪಷ್ಟಪಡಿಸಬೇಕು.

ಸೋದರ ಪದಗಳನ್ನು ನೋಡುವಾಗ ಅವುಗಳ ರೂಪದಷ್ಟೇ ಅವುಗಳ ಅರ್ಥವನ್ನೂ ನೋಡಬೇಕು, ಏಕೆಂದರೆ ಒಂದು ಭಾಷೆಯಲ್ಲಿ ಅಳಿಸಿಹೋದ ಹಳೆಯ ಅರ್ಥ ಇನ್ನೊಂದರಲ್ಲಿ ಉಳಿದಿರುತ್ತದೆ. ಇದಕ್ಕೆ ಇಂಗ್ಲಿಷಿನ ಬಂಧುವಾದ, ಈಗ ಬಳಕೆಯಲ್ಲಿಲ್ಲದ ಗಾಥಿಕ್ ಭಾಷೆ ಉತ್ತಮ ನಿದರ್ಶನ. 4ನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲ್ಲನ್ನು ಈ ಭಾಷೆಗೆ ಅನುವಾದಿಸಿದ. ಅದರಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಧರ್ಮಗ್ರಂಥವನ್ನು ಓದಲು ಎದ್ದು ನಿಂತ ಸಂದರ್ಭ ಬರುತ್ತದೆ, ಮತ್ತು ಅಲ್ಲಿ ‘ಓದು’ ಎಂಬುದಕ್ಕೆ ಬಳಸಿರುವ ಕ್ರಿಯಾಪದ ‘ಸಿಂಗ್ವನ್’, ಅಂದರೆ ಇಂಗ್ಲಿಷಿನ ‘ಸಿಂಗ್’ ಪದದ ಒಡಹುಟ್ಟು. ಗ್ರಂಥವನ್ನು ಎದುರಿಗಿಟ್ಟುಕೊಂಡು ಜನರ ಮುಂದೆ ಗಟ್ಟಿಯಾಗಿ ಓದುವುದೆಂದರೆ ಸ್ವರವೆತ್ತಿ ಹಾಡುವುದೇ ಆಗಿದ್ದ ಕಾಲದ ಗುರುತು ಇದು.

ಇಂದಿನ ಇಂಗ್ಲಿಷ್ ಓದುಗನಿಗೆ ಇದು ವಿಚಿತ್ರವೆನಿಸಬಹುದು. ಶಿವಮೊಗ್ಗ ಸೀಮೆಯವರಿಗೆ ಎನಿಸಬೇಕಾಗಿಲ್ಲ. ತುಂಗಾ ತೀರದ ಮತ್ತೂರು ಮತ್ತು ಹೊಸಹಳ್ಳಿಗಳಲ್ಲಿ ಗಮಕ ಕಲೆ ಇಂದಿಗೂ ಜೀವಂತವಾಗಿದೆ. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಗೌರವ ದೊರೆತದ್ದು ಈ ಪರಂಪರೆಗೆ ಸಂದ ಮನ್ನಣೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಹೇಳುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ವಿವರಿಸುತ್ತಾರೆ. ಮೊದಲನೆಯದಕ್ಕೆ ನಾವು ‘ವಾಚನ’ ಎನ್ನುತ್ತೇವೆಯೇ ವಿನಾ ‘ಗಾಯನ’ ಎನ್ನುವುದಿಲ್ಲ. ಆದರೂ ರಾಗವಿಲ್ಲದ ಗಮಕವಿಲ್ಲ. ಮಳೆಗಾಲದ ಸಂಜೆ ಜಗಲಿಯ ಮೇಲೆ ಕುಳಿತು ಕುಮಾರವ್ಯಾಸನನ್ನು ‘ಓದುತ್ತಿದ್ದ’ ಹಿರಿಯರೂ ಷಟ್ಪದಿಯನ್ನು ರಾಗದಲ್ಲಿಯೇ ಓದುತ್ತಿದ್ದರು. ‘ಹಾಡು ಹೇಳು’, ‘ಪದ ಹೇಳು’ ಎಂಬ ನಮ್ಮ ಮಾತಿನಲ್ಲಿ ಕ್ರಿಯಾಪದ ‘ಹೇಳು’ ಆಗಿರುವುದನ್ನೂ ಇಲ್ಲಿ ನೆನೆಯಬೇಕು. ಮಾತು, ಓದು, ಹಾಡು ಮೂರನ್ನೂ ಗೆರೆ ಎಳೆದು ಬೇರೆ ಮಾಡದ ಸಮಾಜದಲ್ಲಿ ‘ಸಾಂಗ್’ ಪದ ಹುಟ್ಟಿತೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ನನಗೆ ಕಾಣುವುದಿಲ್ಲ.

ಕಿವಿಗೆ ಹೋಲುವ ಪದಗಳನ್ನು ಪರೀಕ್ಷಿಸುವುದು

‘ಸಾಂಗ್’ ಎಂಬುದು ‘ಸಂಗೀತ’ದಿಂದ ಬಂದದ್ದು ಎಂಬ ಮಾತನ್ನು ಅನೇಕರು ವಿಶ್ವಾಸದಿಂದ ಹೇಳುತ್ತಾರೆ. ಎರಡರ ಆರಂಭವೂ ಒಂದೇ ರೀತಿ ಕೇಳಿಸುತ್ತದೆ, ಅರ್ಥವೂ ಹತ್ತಿರ. ಇಂಥ ಸಂದರ್ಭದಲ್ಲಿ ಎರಡು ಪರೀಕ್ಷೆಗಳನ್ನು ಮಾಡಬೇಕು.

ಮೊದಲನೆಯದು ಪದವನ್ನು ಬಿಡಿಸಿ ನೋಡುವುದು. ‘ಸಂಗೀತ’ದಲ್ಲಿ ‘ಸಂ’ ಎಂಬುದು ಉಪಸರ್ಗ. ಹಾಡುವ ಅರ್ಥವಿರುವುದು ‘ಗೈ’ ಧಾತುವಿನಿಂದ ಬಂದ ‘ಗೀತ’ದಲ್ಲಿ. ಗಾನ, ಗಾಯನ, ಗಾಯಕ ಪದಗಳಲ್ಲಿ ‘ಸಂ’ ಇಲ್ಲದಿದ್ದರೂ ಅರ್ಥಕ್ಕೆ ಕೊರತೆಯಾಗಿಲ್ಲ. ‘ಸಾಂಗ್’ ಪದದಲ್ಲಾದರೋ ಮೊದಲ ಸಕಾರವು ಧಾತುವಿಗೇ ಸೇರಿದ್ದು. ಅದನ್ನು ತೆಗೆದರೆ ಪದವೇ ಉಳಿಯುವುದಿಲ್ಲ. ಒಂದರ ಉಪಸರ್ಗವು ಇನ್ನೊಂದರ ಧಾತುವಿಗೆ ಹೋಲುವುದು ನಂಟನ್ನು ತೋರಿಸುವುದಿಲ್ಲ.

ಎರಡನೆಯದು ಧ್ವನಿನಿಯಮದ ಪರೀಕ್ಷೆ. ಸಂಸ್ಕೃತ ಮತ್ತು ಇಂಗ್ಲಿಷ್ ದೂರದ ಬಂಧುಗಳೇ ಆದ್ದರಿಂದ, ಬಂಧುಪದಗಳ ನಡುವೆ ಧ್ವನಿಗಳು ಹೇಗೆ ಒಂದಕ್ಕೊಂದು ಸರಿಹೊಂದುತ್ತವೆ ಎಂಬುದಕ್ಕೆ ನಿಯಮವಿದೆ. ಯಾಕೋಬ್ ಗ್ರಿಮ್ 1822ರಲ್ಲಿ ವ್ಯವಸ್ಥಿತವಾಗಿ ವಿವರಿಸಿದ ಈ ನಿಯಮದಂತೆ, ಸಂಸ್ಕೃತದ ‘ಪಾದ’ಕ್ಕೆ ಇಂಗ್ಲಿಷಿನ ‘ಫುಟ್’ ಎದುರಾಗುತ್ತದೆ. ಪಕಾರಕ್ಕೆ ಫಕಾರ, ದಕಾರಕ್ಕೆ ಟಕಾರ. ‘ದಶ’ಕ್ಕೆ ‘ಟೆನ್’ ಎದುರಾಗುವುದೂ, ‘ಗೋ’ ಎಂಬುದಕ್ಕೆ ‘ಕೌ’ ಎದುರಾಗುವುದೂ ಇದೇ ಕ್ರಮದಲ್ಲಿ. ಹಾಗಾದರೆ ‘ಗೀತ’ಕ್ಕೆ ಇಂಗ್ಲಿಷಿನಲ್ಲಿ ನೇರ ಬಂಧುವೊಂದು ಇದ್ದಿದ್ದರೆ ಅದು ಕಕಾರದಿಂದ ಆರಂಭವಾಗಬೇಕಿತ್ತು. ‘ಸಾಂಗ್’ ಆ ಸ್ಥಾನದಲ್ಲಿ ನಿಲ್ಲಲಾರದು. ಇನ್ನು ಎರವಲು ಎನ್ನೋಣವೆಂದರೆ, ಇಂಗ್ಲಿಷರು ಭಾರತಕ್ಕೆ ಬರುವುದಕ್ಕಿಂತ ಎಷ್ಟೋ ಶತಮಾನಗಳ ಹಿಂದೆಯೇ ಆ ಪದವು ಅವರ ಬರಹದಲ್ಲಿದೆ. ಬಂಧುಪದಗಳು ಬಹುಪಾಲು ಹೋಲದಂತೆ ಕಾಣುತ್ತವೆ, ಹೋಲುವ ಪದಗಳು ಬಹುಪಾಲು ಬಂಧುಗಳಲ್ಲ ಎಂಬುದನ್ನು ವಿದ್ಯಾರ್ಥಿಗಳು ‘ಗೋ’, ‘ಕೌ’ ಜೋಡಿಯಿಂದಲೇ ಕಲಿಯಬಹುದು.

ಅಕ್ಕಪಕ್ಕದ ಪದಗಳನ್ನು ನೋಡುವುದು

ಒಂದು ಪದವನ್ನು ಹುಡುಕಿದ ಮೇಲೆ ಅದೇ ಕ್ಷೇತ್ರದ ಇತರ ಪದಗಳನ್ನೂ ನೋಡಬೇಕು. ಹಳೆಯ ಇಂಗ್ಲಿಷಿನಲ್ಲಿ ಹಾಡಿಗೂ ಕವಿತೆಗೂ ‘ಲೇಯೊಥ್’ ಎಂಬ ಇನ್ನೊಂದು ಪದವಿತ್ತು. ಅದು ಇಂಗ್ಲಿಷಿನಲ್ಲಿ ಕಾಲಕ್ರಮೇಣ ಮರೆಯಾಗಿ, ಅದರ ಬಂಧುವಾದ ‘ಲೀಡ್’ ಜರ್ಮನ್ನಿನಲ್ಲಿ ಉಳಿಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಹೇರಳವಾಗಿ ಬಂದವು. ಹಾಗಿದ್ದೂ ಹಾಡಿಗೆ ಸಾಮಾನ್ಯ ಹೆಸರಾಗಿ ಊರಿನ ಪದವಾದ ‘ಸಾಂಗ್’ ನಿಂತಿತು, ಹೊರಗಿನ ಪದಗಳು ಹಾಡಿನ ಒಂದೊಂದು ಬಗೆಗೆ ಹೆಸರಾದವು.

ಆ ಬಗೆಗಳ ಮೂಲ ಕುತೂಹಲಕರವಾಗಿದೆ. ‘ಬ್ಯಾಲಡ್’ ಎಂಬುದು ನರ್ತಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಫ್ರೆಂಚ್ ಮೂಲಕ ಬಂದದ್ದು, ‘ಬ್ಯಾಲೆ’ ಅದೇ ಮನೆಯದು. ‘ಕ್ಯಾರಲ್’ ಮೊದಲು ವರ್ತುಲವಾಗಿ ಕುಣಿಯುತ್ತ ಹಾಡುವ ಹಾಡಾಗಿತ್ತು; ಕ್ರಿಸ್ಮಸ್ಸಿಗೆ ಅಂಟಿಕೊಂಡದ್ದು ತರುವಾಯ. ನಮ್ಮಲ್ಲಿ ಕೋಲಾಟದ ಪದವನ್ನು ಕೋಲಿಲ್ಲದೆ, ಹೆಜ್ಜೆಯಿಲ್ಲದೆ ಹೇಳಿಸಲು ಹೋದರೆ ಹೇಳುವವರು ನಡುವೆ ತಡವರಿಸುತ್ತಾರೆ. ಹಾಡು ಮತ್ತು ಕುಣಿತ ಒಂದೇ ಕ್ರಿಯೆಯಾಗಿದ್ದ ಕಡೆ ಹೆಸರು ಎರಡರಲ್ಲಿ ಯಾವುದರಿಂದ ಬಂದರೂ ಆಶ್ಚರ್ಯವಿಲ್ಲ.

‘ಸಾಮ್’ ಎಂದು ಉಚ್ಚರಿಸುವ ಬೈಬಲ್ಲಿನ ಸ್ತುತಿಗೀತೆಯ ಹೆಸರು, ತಂತಿಯನ್ನು ಮೀಟು ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ ಬಂದಿದೆ. ಹೀಬ್ರೂವಿನಲ್ಲಿ ಆ ಗ್ರಂಥದ ಹೆಸರಿಗೆ ಸ್ತುತಿಗಳು ಎಂದರ್ಥ. ಕನ್ನಡ ಬೈಬಲ್ಲು ‘ಕೀರ್ತನೆಗಳು’ ಎಂದಿರುವುದರಿಂದ, ನಮ್ಮ ಹೆಸರು ಗ್ರೀಕಿಗಿಂತ ಹೀಬ್ರೂವಿಗೆ ಹತ್ತಿರವಾಗಿದೆ. ‘ಲಿರಿಕ್’ ಎಂಬುದು ‘ಲೈರ್’ ಎಂಬ ತಂತಿವಾದ್ಯದ ಹೆಸರಿನಿಂದ ಬಂದದ್ದು. ಕನ್ನಡದವರು ಅದಕ್ಕೆ ಸಮನಾಗಿ ‘ಭಾವಗೀತೆ’ ಎಂದು ಹೆಸರಿಟ್ಟಾಗ ವಾದ್ಯವನ್ನು ಬಿಟ್ಟು ಭಾವವನ್ನು ಹಿಡಿದರು. ‘ಆಂಥಮ್’ ಎಂಬುದು ಗ್ರೀಕಿನ ‘ಆಂಟಿಫೋನ್’ ಪದವು ಹಳೆಯ ಇಂಗ್ಲಿಷಿನ ಕಾಲದಲ್ಲೇ ಸವೆದು ಆದದ್ದು. ಎರಡು ಗುಂಪುಗಳು ಎದುರುಬದುರಾಗಿ ಒಂದಾದ ಮೇಲೊಂದು ಸಾಲನ್ನು ಹಾಡುವುದು ಅದರ ಮೂಲಾರ್ಥ. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಎತ್ತಿ ಉಳಿದವರು ಅದನ್ನು ಹಿಂದಿನಿಂದ ಹೇಳುವುದನ್ನು ನೋಡಿದವರಿಗೆ ಇದು ಹೊಸತಲ್ಲ. ‘ಚಾಂಟ್’, ‘ಎನ್‌ಚಾಂಟ್’ ಎರಡೂ ಹಾಡು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದವು. ‘ಚಾರ್ಮ್’ ಎಂಬುದರ ಹಿಂದೆಯೂ ಹಾಡು ಮತ್ತು ಮಂತ್ರ ಎರಡನ್ನೂ ಸೂಚಿಸುವ ಲ್ಯಾಟಿನ್ ಪದವೇ ಇದೆ. ‘ಲಲಬೈ’ ಪದದ ಮೊದಲ ಭಾಗ ಮಗುವನ್ನು ಸಂತೈಸುವ ಸದ್ದಿನ ಅನುಕರಣೆ. ನಮ್ಮ ‘ಜೋ ಜೋ’ ಕೂಡ ಹಾಗೆಯೇ.

ಅದೇ ಕ್ರಮವನ್ನು ‘ಹಾಡು’, ‘ಪದ’ಗಳಿಗೆ ಅನ್ವಯಿಸುವುದು

ಇಂಗ್ಲಿಷ್ ಪದದಲ್ಲಿ ಕಲಿತ ಕ್ರಮವನ್ನು ಕನ್ನಡ ಪದಕ್ಕೆ ಹೂಡದಿದ್ದರೆ ಅಭ್ಯಾಸ ಅರ್ಧಕ್ಕೆ ನಿಲ್ಲುತ್ತದೆ. ಕನ್ನಡಕ್ಕೆ ಆಧಾರಗಳು ಮೂರು: 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾದ ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು, ಮತ್ತು ಬರೋ ಹಾಗೂ ಎಮೆನೋ ಅವರು 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಪದಮೂಲ ನಿಘಂಟು. ಪರಿಷತ್ತಿನ ನಿಘಂಟಿನಲ್ಲಿ ಶಾಸನ ಮತ್ತು ಕಾವ್ಯಗಳಿಂದ ಆಯ್ದ ಪ್ರಯೋಗಗಳಿರುವುದರಿಂದ, ಪದದ ಬೇರೆ ಬೇರೆ ಕಾಲದ ಬಳಕೆಯನ್ನು ಅಲ್ಲಿ ನೋಡಬೇಕು.

ಹಳಗನ್ನಡದಲ್ಲಿ ಈ ಪದ ‘ಪಾಡು’. ‘ಪಾಲ್’ ಹಾಲಾದಂತೆ, ‘ಪಂದಿ’ ಹಂದಿಯಾದಂತೆ, ‘ಪೂ’ ಹೂವಾದಂತೆ, ‘ಪಾಡು’ ಹಾಡಾಯಿತು. ಪಕಾರವು ಹಕಾರವಾಗದ ತಮಿಳಿನಲ್ಲಿ ‘ಪಾಟ್ಟು’, ತೆಲುಗಿನಲ್ಲಿ ‘ಪಾಟ’ ಇಂದಿಗೂ ಇವೆ. ಒಂದೇ ಬದಲಾವಣೆ ಇಷ್ಟೊಂದು ಪದಗಳಲ್ಲಿ ಒಂದೇ ರೀತಿ ನಡೆದಿರುವುದು ಧ್ವನಿನಿಯಮಕ್ಕೆ ನಮ್ಮ ಮನೆಯದೇ ಸಾಕ್ಷಿ. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ: ‘ನಾಯಿಪಾಡು’ ಎನ್ನುವಾಗಿನ ‘ಪಾಡು’ ಸ್ಥಿತಿ ಎಂಬ ಅರ್ಥದ್ದು, ‘ಪಡು’ ಕ್ರಿಯಾಪದದಿಂದ ಹುಟ್ಟಿದ್ದು. ‘ಹಾಡುಪಾಡು’ ಎಂಬ ಜೋಡಿಯನ್ನು ಕಂಡು ಎರಡನ್ನೂ ಒಂದು ಮಾಡಬಾರದು.

ಹಾಡಲೆಂದು ರಚಿಸಿದ ಕೃತಿಗಳನ್ನು ಹಳಗನ್ನಡದ ಲಾಕ್ಷಣಿಕರು ಬೇರೆಯಾಗಿಯೇ ಗುರುತಿಸಿದ್ದರು. ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ‘ಪಾಡುಗಬ್ಬ’, ‘ಬಾಜನೆಗಬ್ಬ’ ಎಂಬ ಹೆಸರುಗಳು ಬರುತ್ತವೆ. ‘ಪದ’ವಂತೂ ಸಂಸ್ಕೃತದಿಂದ ಬಂದ ಮೇಲೆ ಹೆಜ್ಜೆ, ಶಬ್ದ, ಪದ್ಯದ ಪಾದ ಎಂಬ ಅರ್ಥಗಳ ಜೊತೆಗೆ ಇಡೀ ಹಾಡು ಎಂಬ ಅರ್ಥವನ್ನೂ ಪಡೆಯಿತು. ಯಕ್ಷಗಾನದಲ್ಲಿ ಭಾಗವತರು ಹೇಳುವುದು ಪದ, ಡೊಳ್ಳು ಕುಣಿತದಲ್ಲಿ ಹೇಳುವುದು ಡೊಳ್ಳಿನ ಪದ.

ಮಲೆನಾಡಿನಲ್ಲಿರುವವರಿಗೆ ನಿಘಂಟಿನಾಚೆಯ ಇನ್ನೊಂದು ಆಧಾರವೂ ಇದೆ: ಇಂದಿಗೂ ಹಾಡುತ್ತಿರುವ ಹಿರಿಯರು. ಅವರ ಬಳಿ ಹೋದಾಗ ‘ಈ ಪದದ ಅರ್ಥವೇನು’ ಎಂದು ನೇರವಾಗಿ ಕೇಳಿದರೆ, ಕೇಳಿದವರನ್ನು ಸಮಾಧಾನಪಡಿಸಲೆಂದು ಅವರು ಏನಾದರೊಂದು ಹೇಳಿಬಿಡುತ್ತಾರೆ. ಅದರ ಬದಲು ‘ಅಮ್ಮಾ, ಇದನ್ನ ಯಾರ ಹತ್ರ ಕಲ್ತ್ರಿ? ಯಾವಾಗ ಹೇಳ್ತಿದ್ರಿ?’ ಎಂದು ಆರಂಭಿಸಿ, ಅವರು ತಾವಾಗಿ ಬಳಸುವ ಮಾತುಗಳನ್ನು ಕಿವಿಗೊಟ್ಟು ಕೇಳಬೇಕು. ಪದ ‘ಕಟ್ಟುವುದು’, ಸೊಲ್ಲು ‘ಎತ್ತುವುದು’, ಹಾಡು ‘ಹೇಳುವುದು’ ಎಂಬ ಕ್ರಿಯಾಪದಗಳಲ್ಲಿಯೇ ಆ ಕಲೆಯ ತಿಳಿವಳಿಕೆ ಅಡಗಿದೆ. ನಾಟಿಯ ಹೊತ್ತಿನ ಪದವನ್ನೂ ಹಸೆಯ ಹಾಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆಯೇ, ಬೇರೆ ಹೆಸರಿದೆಯೇ ಎಂಬುದನ್ನು ಗುರುತಿಸಿಕೊಳ್ಳಬೇಕು. ಧ್ವನಿಮುದ್ರಣಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು.

ಜನರು ತಾವೇ ಪದಮೂಲವನ್ನು ಹೇಳಿದಾಗ ಅದನ್ನು ತಳ್ಳಿಹಾಕಬಾರದು, ನಿಘಂಟಿನ ಮಾಹಿತಿಯೊಡನೆ ಬೆರೆಸಲೂ ಬಾರದು. ದೀಪಾವಳಿಯ ರಾತ್ರಿ ಜ್ಯೋತಿ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರ ವಿಷಯದಲ್ಲಿ, ದೀಪ ‘ಅಂಟಿಸುವುದರಿಂದ’ ಅಂಟಿಗೆ ಎಂಬ ವಿವರಣೆಯುಂಟು. ಇದನ್ನು ‘ಜನರ ವಿವರಣೆ’ ಎಂಬ ಶೀರ್ಷಿಕೆಯಡಿ ಹೇಳಿದವರ ಊರಿನ ಹೆಸರಿನೊಡನೆ ಬರೆದು, ಅದರ ಕೆಳಗೆ ‘ಅಂಟು’ ಪದಕ್ಕೆ ಕಿಟ್ಟೆಲ್ ಮತ್ತು ಪರಿಷತ್ತಿನ ನಿಘಂಟುಗಳು ಕೊಡುವ ಅರ್ಥಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕು.

ಕೊನೆಯಲ್ಲಿ ಒಂದು ಪದಕ್ಕೆ ಒಂದು ಹಾಳೆಯಂತೆ ಟಿಪ್ಪಣಿ ಸಿದ್ಧಪಡಿಸಬೇಕು. ಮೇಲ್ಭಾಗದಲ್ಲಿ ಪದ ಮತ್ತು ಇಂದಿನ ಬಳಕೆಗಳು. ಅದರ ಕೆಳಗೆ ಕಾಲವನ್ನು ನಮೂದಿಸಿದ ಹಳೆಯ ರೂಪಗಳು. ಅನಂತರ ಸೋದರ ಪದಗಳು. ನಕ್ಷತ್ರ ಹಾಕಿದ ರೂಪಗಳು ಪ್ರತ್ಯೇಕ ಸಾಲಿನಲ್ಲಿ. ಹೋಲಿಕೆಯಿದ್ದರೂ ನಂಟಿಲ್ಲದ ಪದಗಳು ಕಾರಣಸಹಿತವಾಗಿ. ಪ್ರತಿ ಸಂಗತಿಯ ಮುಂದೆ ಅದು ಸಿಕ್ಕಿದ ನಿಘಂಟಿನ ಹೆಸರು ಮತ್ತು ಪುಟಸಂಖ್ಯೆ. ಹಾಡಿದವರಿಂದ ಕೇಳಿ ಬರೆದ ಹಾಳೆಯಾದರೆ, ಅದನ್ನು ಅವರ ಮುಂದೆ ಒಮ್ಮೆ ಓದಿ, ಅವರು ತಿದ್ದಿದ್ದನ್ನು ತಿದ್ದಿ, ಒಂದು ಪ್ರತಿಯನ್ನು ಅವರ ಮನೆಗೂ ಇನ್ನೊಂದನ್ನು ಶಾಲೆಯ ಗ್ರಂಥಾಲಯಕ್ಕೂ ಕೊಡಬೇಕು.